ಕಾಗದದ ಅಂಟು ನೀರಿನಲ್ಲಿದೆ

ಕಾಗದ ತಯಾರಿಕೆಯ ರಸಾಯನಶಾಸ್ತ್ರವನ್ನು ವಿವರಿಸುವವರು ಸಾಮಾನ್ಯವಾಗಿ ಒಂದೇ ಮಾತಿನಿಂದ ಶುರುಮಾಡುತ್ತಾರೆ. ನೀರಿನಲ್ಲಿ ನೆನೆದ ನಾರಿಗೆ ಋಣಾವೇಶ ಇರುತ್ತದೆ, ನಾವು ಬೆರೆಸುವ ಪಾಲಿಮರಿಗೆ ಧನಾವೇಶ ಕೊಟ್ಟಿರುತ್ತೇವೆ, ವಿರುದ್ಧ ಆವೇಶಗಳು ಒಂದನ್ನೊಂದು ಸೆಳೆಯುತ್ತವೆ, ಹಾಗಾಗಿ ಪಾಲಿಮರ್ ನಾರಿಗೆ ಅಂಟುತ್ತದೆ. ಹೈಸ್ಕೂಲಿನಲ್ಲಿ ಕಲಿತ ಪಾಠಕ್ಕೆ ಸರಿಯಾಗಿ ಹೊಂದುವ ವಿವರಣೆಯಾದ್ದರಿಂದ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಇದು ಸುಳ್ಳೇನಲ್ಲ, ಆದರೆ ಅರ್ಧ ಮಾತ್ರ ನಿಜ. ಈ ವಿವರಣೆಯಲ್ಲಿ ನಾರಿದೆ, ಪಾಲಿಮರ್ ಇದೆ. ಎರಡನ್ನೂ ತೇಲಿಸುತ್ತಿರುವ ನೀರಿನ ಸುದ್ದಿಯೇ ಇಲ್ಲ. ಅಂಟುವಿಕೆಯನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಆ ನೀರು. ಅದನ್ನು ಲೆಕ್ಕದಿಂದ ಹೊರಗಿಟ್ಟದ್ದಕ್ಕೆ ಮಿಲ್ಲುಗಳೂ ನದಿಗಳೂ ದಂಡ ತೆರುತ್ತಿವೆ ಎಂಬುದು ನನ್ನ ವಾದ.

ಈ ವಾದವನ್ನು ಮಂಡಿಸಲು ಪುಣೆಗಿಂತ ಅನುಕೂಲವಾದ ಊರು ಹುಡುಕುವುದು ಕಷ್ಟ. ಮುಠಾ ನದಿಗೆ ಹತ್ತಿರದ ಕಸಬಾ ಪೇಟೆಯಲ್ಲಿ ಕಾಗದೀಪುರ ಎಂಬ ಕೇರಿ ಇದೆ. ಕಾಗದ ಮಾಡುವ ಮುಸ್ಲಿಂ ಕುಟುಂಬಗಳು ಹಿಂದೆ ಅಲ್ಲಿದ್ದವು. ದಖ್ಖನಿನ ಕೈಕಾಗದದ ಮೇಲೆ ಮೋಡಿ ಲಿಪಿಯಲ್ಲಿ ಬರೆದ ಲೆಕ್ಕಪತ್ರಗಳ ರಾಶಿ ಇದೇ ಊರಿನ ಪೇಶ್ವೆ ದಫ್ತರದಲ್ಲಿದೆ. 1880ರ ದಶಕದಲ್ಲಿ ಮಹಾದೇವ ಗೋವಿಂದ ರಾನಡೆಯವರ ಉತ್ತೇಜನದಿಂದ ಹುಟ್ಟಿದ ಉದ್ಯಮಗಳಲ್ಲಿ ಮುಂಢವಾ ಎಂಬಲ್ಲಿನ ರೇ ಪೇಪರ್ ಮಿಲ್ ಒಂದು. 1940ರಲ್ಲಿ ಶಿವಾಜಿನಗರದಲ್ಲಿ ಕೈಕಾಗದದ ಸಂಸ್ಥೆ ಶುರುವಾಯಿತು. ಅದರ ಹಿಂದಿದ್ದವರು ಕೆ. ಬಿ. ಜೋಶಿ, ಉದ್ಘಾಟಿಸಿದವರು ಜವಾಹರಲಾಲ್ ನೆಹರೂ. 1960ರ ದಶಕದಲ್ಲಿ ಚಿಂಚವಡದ ಪಕ್ಕದ ಥೇರಗಾಂವ್‌ನಲ್ಲಿ ಪದಮ್‌ಜೀ ಕಾಗದ ಮಿಲ್ ಬಂತು. ಪಾಷಾಣ್ ರಸ್ತೆಯಲ್ಲಿ 1950ರಿಂದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್ ಇದೆ. ಹಳೆಯ ಕಾಗದ, ಮಿಲ್ಲಿನ ಕಾಗದ, ಪಾಲಿಮರ್ ವಿಜ್ಞಾನ ಮೂರನ್ನೂ ಒಂದೇ ದಿನದಲ್ಲಿ ಸುತ್ತಿ ನೋಡಬಹುದಾದ ಊರು ಇದು.

ಮೊದಲು ಮಿಲ್ಲಿನ ಕಷ್ಟವೇನು ಎಂಬುದನ್ನು ನೋಡೋಣ. ಯಂತ್ರದ ಹೆಡ್‌ಬಾಕ್ಸಿನಿಂದ ಜಾಲರಿಯ ಮೇಲೆ ಬೀಳುವ ದ್ರವದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ನಾರು ಉಳಿದ ಒಂದು ಪಾಲಿನಲ್ಲಿ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಮರದ ನಾರಿನ ಉದ್ದ ಒಂದು ಮಿಲಿಮೀಟರಿನ ಆಸುಪಾಸು, ಹಾಗಾಗಿ ಜಾಲರಿಯ ಮೇಲೆ ಅದು ನಿಲ್ಲುತ್ತದೆ. ಆದರೆ ಕಾಗದ ಬೆಳ್ಳಗೆ ನುಣುಪಾಗಿ ಕಾಣಲೆಂದು ಬೆರೆಸುವ ಸುಣ್ಣಕಲ್ಲಿನ ಪುಡಿಯ ಕಣ ಒಂದೆರಡು ಮೈಕ್ರಾನ್ ಮಾತ್ರ. ಜಾಲರಿಯ ಕಂಡಿ ಅದರ ನೂರು ಪಟ್ಟು ದೊಡ್ಡದು. ನಾರಿನಿಂದ ಚೂರಾಗಿ ಬಂದ ಸಣ್ಣ ತುಣುಕುಗಳ ಪಾಡೂ ಇದೇ. ಯಂತ್ರ ನಿಮಿಷಕ್ಕೆ ನೂರಾರು ಮೀಟರ್ ವೇಗದಲ್ಲಿ ಓಡುತ್ತಿರುವಾಗ ಈ ಪುಡಿ ನಾರಿಗೆ ಅಂಟಿಕೊಳ್ಳಲು ಸಿಗುವ ಸಮಯ ಕೆಲವೇ ಸೆಕೆಂಡು. ಅಂಟಿದ್ದು ಕಾಗದವಾಯಿತು, ಅಂಟದ್ದು ಜಾಲರಿಯ ಕೆಳಗೆ ಇಳಿಯುವ ನೀರಿಗೆ, ಅಂದರೆ ವೈಟ್ ವಾಟರಿಗೆ ಸೇರಿತು.

ಈ ಸೆಕೆಂಡುಗಳ ಕೆಲಸಕ್ಕೇ ಆವೇಶದ ಪಾಲಿಮರ್ ಬೇಕು. ಟನ್ನು ಕಾಗದಕ್ಕೆ ಕೆಲವು ನೂರು ಗ್ರಾಂ ಧನಾವೇಶದ ಪಾಲಿಅಕ್ರಿಲಮೈಡ್, ಇಲ್ಲವೇ ಹತ್ತು ಕಿಲೋ ಆಸುಪಾಸು ಕ್ಯಾಟಯಾನಿಕ್, ಅಂದರೆ ಧನಾವೇಶದ ಪಿಷ್ಟ. ಪಾಲಿಅಕ್ರಿಲಮೈಡಿನ ಅಣುತೂಕ ಹತ್ತಾರು ಲಕ್ಷ. ಒಂದು ಸರಪಳಿಯನ್ನು ಬಿಡಿಸಿ ನೀಟಾಗಿ ಎಳೆದರೆ ಹತ್ತು ಮೈಕ್ರಾನ್ ದಾಟುತ್ತದೆ. ಅದರ ಒಂದು ತುದಿ ನಾರಿನ ಮೇಲೆ, ಇನ್ನೊಂದು ತುದಿ ಸುಣ್ಣದ ಕಣದ ಮೇಲೆ ಕೂತರೆ ನಡುವೆ ಸೇತುವೆ ಬಿದ್ದ ಹಾಗೆ. ಗಿಡ್ಡ ಸರಪಳಿಯ, ಆದರೆ ಗಾಢ ಆವೇಶದ ಪಾಲಿಮರುಗಳ ದಾರಿ ಬೇರೆ. ಅವು ನಾರಿನ ಮೇಲೆ ಚಪ್ಪಟೆಯಾಗಿ ಮಲಗಿ ಅಲ್ಲಲ್ಲಿ ಧನಾವೇಶದ ತೇಪೆ ಹಾಕುತ್ತವೆ. ಒಂದು ನಾರಿನ ತೇಪೆ ಇನ್ನೊಂದರ ಬರಿಮೈಯನ್ನು ಹಿಡಿಯುತ್ತದೆ.

ಇಷ್ಟೆಲ್ಲ ಆವೇಶದ ಮಾತಾಡುತ್ತೇವಲ್ಲ, ನಾರಿನಲ್ಲಿ ಅದು ಎಷ್ಟಿದೆ? ಆಶ್ಚರ್ಯವಾಗುವಷ್ಟು ಕಡಿಮೆ. ಶುದ್ಧ ಸೆಲ್ಯುಲೋಸಿಗೆ ಹೇಳಿಕೊಳ್ಳುವಂಥ ಆವೇಶವೇ ಇಲ್ಲ. ಋಣಾವೇಶ ಬರುವುದು ಹೆಚ್ಚಾಗಿ ಅದರ ಜೊತೆಗಿರುವ ಹೆಮಿಸೆಲ್ಯುಲೋಸಿನ ಕಾರ್ಬಾಕ್ಸಿಲ್ ಗುಂಪುಗಳಿಂದ, ಸ್ವಲ್ಪ ಬ್ಲೀಚಿಂಗಿನಲ್ಲಾದ ಉತ್ಕರ್ಷಣದಿಂದ. ಬ್ಲೀಚ್ ಮಾಡಿದ ಮರದ ಪಲ್ಪಿನಲ್ಲಿ ಸುಮಾರು ನೂರು ಗ್ಲೂಕೋಸ್ ಘಟಕಗಳಿಗೆ ಒಂದು ಕಾರ್ಬಾಕ್ಸಿಲ್ ಎಂದು ಇಟ್ಟುಕೊಳ್ಳಬಹುದು. ಅವುಗಳಲ್ಲೂ ಬಹುಪಾಲು ನಾರಿನ ಗೋಡೆಯ ಒಳರಂಧ್ರಗಳಲ್ಲಿ ಅಡಗಿರುತ್ತವೆ. ದೊಡ್ಡ ಪಾಲಿಮರ್ ಅಲ್ಲಿಗೆ ನುಸುಳಲಾರದು. ಹೊರಮೈಯಲ್ಲಿ ಅದಕ್ಕೆ ಎಟುಕುವುದು ಒಟ್ಟು ಆವೇಶದ ಸಣ್ಣ ಪಾಲು. ಇಷ್ಟು ತೆಳುವಾಗಿ ಹರಡಿದ ಆವೇಶದ ಸೆಳೆತವೊಂದೇ ಇಷ್ಟು ಬಿಗಿಯಾದ ಹಿಡಿತ ಕೊಡುತ್ತದೆಯೇ ಎಂಬ ಅನುಮಾನ ಇಲ್ಲಿಯೇ ಏಳಬೇಕಿತ್ತು.

ಅನುಮಾನ ಪರಿಹರಿಸುವ ಸಾಧನ ಶಾಖ ಅಳೆಯುವ ಕ್ಯಾಲೊರಿಮೀಟರ್. ಎರಡು ವಸ್ತುಗಳು ಸೆಳೆತದಿಂದಲೇ ಕೂಡಿಕೊಂಡರೆ ಶಾಖ ಹೊರಬರಬೇಕು. ಸೆಲ್ಯುಲೋಸಿನ ಅತಿಸೂಕ್ಷ್ಮ ಎಳೆಗಳ ಮೇಲೆ ಧನಾವೇಶದ ಪಾಲಿಮರ್ ಕೂರುವಾಗ ಅಳೆದು ನೋಡಿದರೆ ಹಲವು ಸಂದರ್ಭಗಳಲ್ಲಿ ಶಾಖ ಹೊರಬರುವುದಿಲ್ಲ, ಬದಲಿಗೆ ಒಳಗೆ ಹೀರಲ್ಪಡುತ್ತದೆ. ಹಾಗಿದ್ದೂ ಪಾಲಿಮರ್ ಅಂಟುತ್ತದೆ, ಬಿಡಿಸಲು ಬಾರದಷ್ಟು ಗಟ್ಟಿಯಾಗಿ ಅಂಟುತ್ತದೆ. ಅಂದಮೇಲೆ ಲಾಭ ಇನ್ನೆಲ್ಲಿಂದಲೋ ಬರುತ್ತಿರಬೇಕು.

ಆ ಲಾಭ ಬರುವುದು ಸಣ್ಣ ಅಯಾನುಗಳ ಬಿಡುಗಡೆಯಿಂದ. ನೀರಿನಲ್ಲಿ ಆವೇಶವೊಂದು ಒಂಟಿಯಾಗಿ ಇರುವುದಿಲ್ಲ. ನಾರಿನ ಋಣಾವೇಶದ ಸುತ್ತ ಸೋಡಿಯಮ್ಮೋ ಕ್ಯಾಲ್ಸಿಯಮ್ಮೋ ತಿರುಗಾಡುತ್ತಿರುತ್ತದೆ, ಪಾಲಿಮರಿನ ಧನಾವೇಶದ ಸುತ್ತ ಕ್ಲೋರೈಡ್. ಸಾಲಾಗಿ ಆವೇಶವಿರುವ ಸರಪಳಿಯ ಬಳಿ ಇಂಥ ಅಯಾನುಗಳು ಹೇಗೆ ದಟ್ಟೈಸುತ್ತವೆ ಎಂಬುದನ್ನು ವಿಜ್ಞಾನಿ ಗೆರಾಲ್ಡ್ ಮ್ಯಾನಿಂಗ್ 1969ರಲ್ಲಿ ಲೆಕ್ಕಕಟ್ಟಿ ತೋರಿಸಿದರು. ಜಾತ್ರೆಯಲ್ಲಿ ಮಗುವಿನ ಕೈ ಬಿಡದೆ ನಿಂತ ಇಬ್ಬರು ತಾಯಂದಿರನ್ನು ನೆನೆಸಿಕೊಳ್ಳಿ. ಅವರಿಬ್ಬರೂ ಪರಸ್ಪರ ಕೈಹಿಡಿದರೆ ಮಕ್ಕಳ ಕೈ ಬಿಡಲೇಬೇಕು, ಮಕ್ಕಳು ಜಾತ್ರೆ ತುಂಬ ಓಡುತ್ತವೆ. ಪಾಲಿಮರ್ ನಾರಿನ ಮೇಲೆ ಕೂತಾಗ ಎರಡೂ ಕಡೆಯ ಅಯಾನುಗಳು ಹೀಗೆಯೇ ನೀರಿಗೆ ಬಿಡುಗಡೆಯಾಗುತ್ತವೆ. ಕೂತ ಪಾಲಿಮರಿನ ಸ್ವಾತಂತ್ರ್ಯ ಕಡಿಮೆಯಾಯಿತು ನಿಜ, ಆದರೆ ಅದು ಒಂದೇ ಅಣು. ಬಿಡುಗಡೆಯಾದ ಅಯಾನುಗಳು ಸಾವಿರಾರು. ಭೌತವಿಜ್ಞಾನದ ಭಾಷೆಯಲ್ಲಿ ಒಟ್ಟು ಎಂಟ್ರೊಪಿ ಹೆಚ್ಚಿತು. ಸಾವಿರಾರು ಕಡೆ ಹಿಡಿದ ಸರಪಳಿ ಮತ್ತೆ ಬಿಡಬೇಕಾದರೆ ಎಲ್ಲ ಹಿಡಿತಗಳೂ ಒಟ್ಟಿಗೆ ಸಡಿಲಬೇಕು, ಅದು ಆಗದ ಮಾತು.

ಇದೇ ತತ್ತ್ವದ ಮೇಲೆ ನಿಂತ ಇನ್ನೊಂದು ವಸ್ತು ಪುಣೆಯಲ್ಲೇ ಹುಟ್ಟಿದೆ. ಎನ್‌ಸಿಎಲ್‌ನಲ್ಲಿ ಪಿಷ್ಟವನ್ನು ಮಾರ್ಪಡಿಸಿ ಮಾಡಿದ ‘ಜಲಶಕ್ತಿ’ ಎಂಬ ಪುಡಿ 1980ರ ದಶಕದಲ್ಲಿ ರೈತರ ಹೊಲಕ್ಕೆಂದು ಮಾರುಕಟ್ಟೆಗೆ ಬಂತು. ಋಣಾವೇಶದ ಪಾಲಿಮರಿನ ಜಾಲ ಅದು. ಒಳಗಿನ ಅಯಾನುಗಳು ಹರಡಿಕೊಳ್ಳಲು ಜಾಗ ಹುಡುಕುವುದರಿಂದ ಪುಡಿ ತನ್ನ ತೂಕದ ನೂರು ಪಟ್ಟಿಗೂ ಮಿಕ್ಕಿ ನೀರು ಕುಡಿದು ಉಬ್ಬುತ್ತದೆ. ಈ ಬಗೆಯ ಯಾವ ಪುಡಿಯನ್ನಾದರೂ ಉಪ್ಪುನೀರಿಗೆ ಹಾಕಿ ನೋಡಿ, ಉಬ್ಬುವುದು ಎಷ್ಟೋ ಪಾಲು ಕುಗ್ಗುತ್ತದೆ. ಹೊರಗೆ ಆಗಲೇ ಅಯಾನುಗಳ ಜಂಗುಳಿ ಇದ್ದರೆ ಬಿಡುಗಡೆಗೆ ಬೆಲೆ ಉಳಿಯುವುದಿಲ್ಲ.

ಮಿಲ್ಲಿನಲ್ಲೂ ಆಗುವುದು ಇದೇ. ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೆ ತೊಂದರೆಯಿಲ್ಲ. ಸರಪಳಿ ಮುದುಡಿಕೊಳ್ಳುವುದರಿಂದ ಅದೇ ಜಾಗದಲ್ಲಿ ಇನ್ನಷ್ಟು ಪಾಲಿಮರ್ ಹಿಡಿಸಬಹುದು. ಆದರೆ ಉಪ್ಪು ಲೀಟರಿಗೆ ಐದಾರು ಗ್ರಾಂ ಆಗುವ ಹೊತ್ತಿಗೆ ಕಡಿಮೆ ಆವೇಶದ ಪಾಲಿಮರುಗಳ ಹಿಡಿತ ಸಡಿಲವಾಗಿರುತ್ತದೆ. ಕ್ಯಾಲ್ಸಿಯಂ ಇದ್ದರೆ ಇನ್ನೂ ಬೇಗ, ಏಕೆಂದರೆ ಅದು ಕಾರ್ಬಾಕ್ಸಿಲ್ ಗುಂಪನ್ನು ಸೋಡಿಯಮ್ಮಿಗಿಂತ ಬಿಗಿಯಾಗಿ ಹಿಡಿಯುತ್ತದೆ. ದಖ್ಖನಿನ ಕಪ್ಪುಶಿಲೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು ಎಂಬುದನ್ನು ಇಲ್ಲಿ ನೆನೆಯಬೇಕು.

ಉಪ್ಪಿಗಿಂತ ದೊಡ್ಡ ಶತ್ರು ಮಿಲ್ಲಿನವರು ‘ಅನಯಾನಿಕ್ ಟ್ರ್ಯಾಶ್’ ಎಂದು ಕರೆಯುವ ಕಸ. ಕರಗಿ ಬಂದ ಹೆಮಿಸೆಲ್ಯುಲೋಸ್, ಮರದ ರಾಳದ ಹನಿ, ಹಳೆಯ ಕಾಗದದ ಲೇಪನದಿಂದ ಬಿಟ್ಟ ಲ್ಯಾಟೆಕ್ಸ್, ಶಾಯಿ ತೆಗೆಯಲು ಹಾಕಿದ ಸಿಲಿಕೇಟ್, ಕೊಳೆತ ಪಿಷ್ಟ ಎಲ್ಲ ಸೇರಿದ ಗುಂಪು ಅದು. ಇವೂ ಋಣಾವೇಶದವೇ. ನಾರಿಗಿಂತ ಎಷ್ಟೋ ಸೂಕ್ಷ್ಮವಾದ್ದರಿಂದ ಪಾಲಿಮರಿಗೆ ಮೊದಲು ಸಿಗುವುದು ಇವೇ. ನಾರಿಗೆಂದು ಹಾಕಿದ ಪಾಲಿಮರ್ ಕಸಕ್ಕೆ ಅಂಟಿ ಮುಗಿಯುತ್ತದೆ. ರದ್ದಿ ಕಾಗದವನ್ನೇ ನಂಬಿದ ಮಿಲ್ಲುಗಳಲ್ಲಿ ಈ ಹೊರೆ ಹೆಚ್ಚು. ಹೊಸನೀರು ಉಳಿಸಲೆಂದು ವೈಟ್ ವಾಟರನ್ನು ಮತ್ತೆ ಮತ್ತೆ ತಿರುಗಿಸಿದಷ್ಟೂ ಉಪ್ಪು, ಕಸ ಎರಡೂ ಮಡುಗಟ್ಟುತ್ತವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಯಂತ್ರದ ಒದ್ದೆ ಭಾಗವಾದ ವೆಟ್ ಎಂಡ್ ನೋಡಿಕೊಳ್ಳುವ ಎಂಜಿನಿಯರಿಗೆ ಎಂಟ್ರೊಪಿಯಿಂದ ಆಗಬೇಕಾದ್ದೇನು? ಅವರ ಬಳಿ ಚಾರ್ಜ್ ಅಳೆಯುವ ಯಂತ್ರವಿದೆ. ಟೆಫ್ಲಾನ್ ಕಪ್ಪಿನಲ್ಲಿ ಪಿಸ್ಟನ್ ಆಡಿಸಿ, ಎದುರಾವೇಶದ ಪಾಲಿಮರನ್ನು ಹನಿಹನಿಯಾಗಿ ಬಿಟ್ಟರೆ ಶೂನ್ಯ ತಲುಪಲು ಎಷ್ಟು ಬೇಕೆಂಬುದು ಗೊತ್ತಾಗುತ್ತದೆ. ಅಷ್ಟು ಫಿಕ್ಸಿಂಗ್ ಏಜೆಂಟ್ ಸುರಿದು ಕಸದ ಬಾಯಿ ಮುಚ್ಚಿಸಿ, ಆಮೇಲೆ ಪಿಷ್ಟ, ಕೊನೆಗೆ ಪಾಲಿಅಕ್ರಿಲಮೈಡ್ ಹಾಕಿದರೆ ಕಾಗದ ಬರುತ್ತದೆ. ಸಿದ್ಧಾಂತ ಯಾವುದಾದರೇನು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಸಿದ್ಧಾಂತ ಬದಲಾದರೆ ಖರ್ಚಿನ ಜಾಗವೂ ಬದಲಾಗುತ್ತದೆ. ಸೆಳೆತವೇ ಸರ್ವಸ್ವ ಎಂದು ನಂಬಿದವರು ಹಿಡಿತ ಸಡಿಲಿದಾಗ ಸಹಜವಾಗಿ ಹೆಚ್ಚು ಪಾಲಿಮರ್ ಹಾಕುತ್ತಾರೆ. ಸುತ್ತಲ ನೀರೇ ತೀರ್ಮಾನಿಸುವುದೆಂದು ತಿಳಿದವರು ಕಸ ಎಲ್ಲಿ ಹುಟ್ಟುತ್ತದೋ ಅಲ್ಲಿ ಪಲ್ಪನ್ನು ತೊಳೆಯುತ್ತಾರೆ, ಕೆಟ್ಟ ನೀರಿನ ಸುತ್ತನ್ನು ಯಂತ್ರದ ಸುತ್ತಿನಿಂದ ಬೇರ್ಪಡಿಸುತ್ತಾರೆ. ಚಾರ್ಜ್ ಯಂತ್ರವೂ ಎಷ್ಟು ಕೊರತೆ ಎಂದು ಹೇಳುತ್ತದೆಯೇ ಹೊರತು ಯಾರಿಂದ ಎಂದು ಹೇಳುವುದಿಲ್ಲ. ಮಾದರಿಯಲ್ಲಿ ಉಪ್ಪು ಹೆಚ್ಚಿದ್ದರೆ ಅದರ ಸಂಜ್ಞೆಯೇ ಮಂಕಾಗುತ್ತದೆ. ಇನ್ನು ಡೋಸ್ ಮೀರಿತೆಂದರೆ ನಾರಿನ ಆವೇಶ ತಿರುಗಿ ಧನವಾಗುತ್ತದೆ, ಕಣಗಳು ಮತ್ತೆ ಒಂದನ್ನೊಂದು ದೂಡುತ್ತವೆ, ಜಾಲರಿಯಲ್ಲಿ ನೀರು ಇಳಿಯುವುದು ನಿಧಾನವಾಗುತ್ತದೆ. ಆಗ ಕಾಣುವ ಲಕ್ಷಣ ಪಾಲಿಮರ್ ಕಡಿಮೆಯಾದಾಗಿನ ಲಕ್ಷಣದಂತೆಯೇ ಇರುವುದರಿಂದ ಇನ್ನಷ್ಟು ಸುರಿಯುವವರೂ ಇದ್ದಾರೆ.

ಹೆಚ್ಚಾದದ್ದು ಹೊರಗೆ ಹೋದರೆ? ಮೀನಿನ ಕಿವಿರಿನ ಮೇಲ್ಮೈಗೂ ಋಣಾವೇಶವಿದೆ. ಧನಾವೇಶದ ಪಾಲಿಮರ್ ನಾರನ್ನು ಹಿಡಿದ ಹಾಗೆಯೇ ಕಿವಿರನ್ನೂ ಹಿಡಿದು ಉಸಿರುಕಟ್ಟಿಸುತ್ತದೆ. ಈ ವರ್ಗದ ಪಾಲಿಮರುಗಳು ಜಲಚರಗಳಿಗೆ ವಿಷ ಎನಿಸಿಕೊಂಡದ್ದು ಇದರಿಂದಲೇ. ನದಿಯ ಮಣ್ಣಿನ ಕಣಗಳೂ ಕೊಳೆತ ಎಲೆಗಳ ಹ್ಯೂಮಿಕ್ ಆಮ್ಲಗಳೂ ಬಹಳಷ್ಟನ್ನು ಮೊದಲೇ ಹಿಡಿದುಕೊಳ್ಳುತ್ತವೆ ಎಂಬುದು ಸಮಾಧಾನದ ಸಂಗತಿ, ಆದರೆ ಅದನ್ನೇ ಪರವಾನಗಿ ಎಂದುಕೊಳ್ಳಬಾರದು. ಪುಣೆಯ ಮುಳಾ, ಮುಠಾ, ಪವನಾ ನದಿಗಳಿಗೆ ಊರಿನ ಕೊಳಚೆಯ ಭಾರವೇ ಸಾಕಷ್ಟಿದೆ.

ನೀರನ್ನು ಮರೆತು ಆವೇಶವೊಂದನ್ನೇ ನೋಡಿದ್ದಕ್ಕೆ ಕಾಗದದ ಚರಿತ್ರೆ ಒಮ್ಮೆ ದೊಡ್ಡ ಬೆಲೆ ತೆತ್ತಿದೆ. 1807ರಲ್ಲಿ ಜರ್ಮನಿಯ ಮೊರಿಟ್ಸ್ ಫ್ರೀಡ್ರಿಶ್ ಇಲ್ಲಿಗ್ ಪೈನ್ ಮರದ ರಾಳವನ್ನು ಪಟಿಕದ ಜೊತೆ ಪಲ್ಪಿಗೇ ಬೆರೆಸಿ ಶಾಯಿ ಹರಡದ ಕಾಗದ ಮಾಡುವ ವಿಧಾನ ಪ್ರಕಟಿಸಿದ. ರಾಳಕ್ಕೂ ಋಣಾವೇಶ, ನಾರಿಗೂ ಋಣಾವೇಶ. ನಡುವೆ ಕೂತು ಎರಡನ್ನೂ ಕೂಡಿಸಿದ್ದು ಪಟಿಕದ ಅಲ್ಯೂಮಿನಿಯಂ. ಅಗ್ಗವಾಗಿ, ಸುಲಭವಾಗಿ ಸಿಗುವ ಧನಾವೇಶ. (ಮಿಲ್ಲುಗಳು ಆಮೇಲೆ ಬಳಸಿದ್ದು ಮನೆಯ ಪಟಿಕವನ್ನಲ್ಲ, ಅಲ್ಯೂಮಿನಿಯಂ ಸಲ್ಫೇಟನ್ನು, ಹೆಸರು ಮಾತ್ರ ಹಳೆಯದೇ ಉಳಿಯಿತು.) ಆದರೆ ಈ ಅಲ್ಯೂಮಿನಿಯಂ ನೀರಿನೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತದೆ, ಕೆಲಸ ನಡೆಯುವುದೇ ಪಿಎಚ್ ನಾಲ್ಕೈದರಲ್ಲಿ. ಕಾಗದದೊಳಗೆ ಉಳಿದ ಆ ಆಮ್ಲ ಸೆಲ್ಯುಲೋಸ್ ಸರಪಳಿಯನ್ನು ವರ್ಷಗಟ್ಟಲೆ ಕತ್ತರಿಸುತ್ತ ಹೋಯಿತು. ಅಮೆರಿಕದ ವಿಲಿಯಂ ಬ್ಯಾರೊ 1950ರ ದಶಕದಲ್ಲಿ ಹಳೆಯ ಪುಸ್ತಕಗಳನ್ನು ಪರೀಕ್ಷಿಸಿ ಪುಡಿಯಾಗುವ ಹಾಳೆಗಳ ಹಿಂದೆ ಈ ಆಮ್ಲವಿದೆ ಎಂದು ಎತ್ತಿ ತೋರಿಸಿದ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದಾಗಲೂ ಲೋಕವೆಲ್ಲ ಪಟಿಕದ ಕಾಲದಲ್ಲೇ ಇತ್ತು. ಅಜ್ಜನ ಕಾಲದ ಕಾದಂಬರಿಯ ಅಗ್ಗದ ಪ್ರತಿಯನ್ನು ಮಡಿಸಿದರೆ ಮೂಲೆ ಮುರಿದು ಕೈಗೆ ಬರುವ ಅನುಭವ ಕನ್ನಡದ ಓದುಗರಿಗೆ ಹೊಸತಲ್ಲ. ಹಾಗೆ ಮುರಿಯುವುದರಲ್ಲಿ ಮರದಿಂದಲೇ ಬಂದ ಲಿಗ್ನಿನ್ನಿನ ಪಾಲೂ ಇದೆ, ಆಮ್ಲದ ಪಾಲೂ ಇದೆ. ಅತ್ತ ಪೇಶ್ವೆ ದಫ್ತರದ ಹಾಳೆಗಳು ಇನ್ನೂರು ವರ್ಷ ದಾಟಿಯೂ ಮಡಿಕೆ ತಾಳುತ್ತವೆ. ದಖ್ಖನಿನ ಕಾಗದಗಾರರು ನಾರನ್ನು ಸುಣ್ಣದಲ್ಲಿ ನೆನೆಸಿ ಹದಗೊಳಿಸುತ್ತಿದ್ದರು, ಗಂಜಿಯನ್ನು ಹಾಳೆಯ ಮೇಲೆ ಸವರಿ ಕಲ್ಲಿನಿಂದ ಉಜ್ಜುತ್ತಿದ್ದರು. ಆಮ್ಲಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಕೈಕಾಗದದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಶಿವಾಜಿನಗರದ ಸಂಸ್ಥೆಯ ಮುಖ್ಯ ಕಚ್ಚಾವಸ್ತು ಹತ್ತಿ ಬಟ್ಟೆಯ ಚೂರು. ಹತ್ತಿ ಬಹುತೇಕ ಶುದ್ಧ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಕಾರ್ಬಾಕ್ಸಿಲ್ ಹಲವು ನೂರು ಘಟಕಗಳಿಗೊಂದು ಸಿಕ್ಕರೆ ಹೆಚ್ಚು. ಭದ್ರಾವತಿಯಲ್ಲಿ ಬಳಸುತ್ತಿದ್ದ ಕಬ್ಬಿನ ಸಿಪ್ಪೆಯಾದರೋ ಹೆಮಿಸೆಲ್ಯುಲೋಸಿನಿಂದ ತುಂಬಿದ್ದು. ಸಿಪ್ಪೆಯ ಪಲ್ಪಿಗೆ ಹೊಂದುವ ಕ್ಯಾಟಯಾನಿಕ್ ಪಿಷ್ಟದ ಲೆಕ್ಕವನ್ನು ಹತ್ತಿಗೆ ಹಾಗೆಯೇ ಎತ್ತಿಟ್ಟರೆ ಬಹಳಷ್ಟು ಪಿಷ್ಟ ಹಿಡಿಯಲು ಜಾಗವಿಲ್ಲದೆ ನೀರಲ್ಲೇ ಉಳಿಯುತ್ತದೆ. ಹಾಗಾದರೆ ಆವೇಶವಿಲ್ಲದ ನಾರಿಗೆ ಏನೂ ಅಂಟುವುದಿಲ್ಲವೇ?

ಅಂಟುತ್ತದೆ, ಅದನ್ನು ಕರ್ನಾಟಕದ ಲೆಕ್ಕಿಗರು ಶತಮಾನಗಳ ಹಿಂದೆಯೇ ಬಳಸಿಕೊಂಡಿದ್ದರು. ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿದ ಆ ಕಪ್ಪು ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾದವು. ಹುಣಸೆಬೀಜದ ಸರಿಯಲ್ಲಿರುವುದು ಜೈಲೊಗ್ಲುಕಾನ್ ಎಂಬ ಪಾಲಿಮರ್. ಅದಕ್ಕೆ ಆವೇಶವೇ ಇಲ್ಲ. ಅದರ ಬೆನ್ನೆಲುಬು ಸೆಲ್ಯುಲೋಸಿನಂತೆಯೇ ಗ್ಲೂಕೋಸ್ ಸರಣಿ, ಬದಿಗಳಲ್ಲಿ ಬೇರೆ ಸಕ್ಕರೆಗಳ ಕವಲು. ಸಸ್ಯದ ಎಳೆಯ ಕೋಶಗೋಡೆಯಲ್ಲೂ ಅದು ಸೆಲ್ಯುಲೋಸಿನ ಎಳೆಗಳನ್ನು ತಬ್ಬಿಕೊಂಡೇ ಇರುತ್ತದೆ. ಆವೇಶದ ನೆರವಿಲ್ಲದೆ, ಆಕಾರ ಹೊಂದಿಕೆಯಿಂದಲೂ ನಡುವಿನ ನೀರಿನ ಅಣುಗಳನ್ನು ಹೊರದೂಡುವುದರಿಂದಲೂ ಅದು ಬಿಡದಂತೆ ಕೂರುತ್ತದೆ. ನೀರಿಗೆ ಉಪ್ಪು ಹಾಕಿದರೂ ಅದರ ಹಿಡಿತ ಅಷ್ಟಾಗಿ ಕದಲುವುದಿಲ್ಲ. ಈ ಶತಮಾನದ ಆರಂಭದಲ್ಲಿ ಸ್ಟಾಕ್‌ಹೋಮಿನ ಕೆಟಿಎಚ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದೇ ಗುಣ ಹಿಡಿದುಕೊಂಡು ಜೈಲೊಗ್ಲುಕಾನ್ ಮೂಲಕ ಸೆಲ್ಯುಲೋಸಿನ ಮೇಲ್ಮೈಗೆ ಬೇಕಾದ ರಾಸಾಯನಿಕ ಗುಂಪುಗಳನ್ನು ತಂದು ಕೂರಿಸಿದರು. ನಮ್ಮಲ್ಲಿ ಹುಣಸೆಬೀಜದ ಹಿಟ್ಟು ಸೆಣಬಿನ ಮಿಲ್ಲುಗಳಿಗೂ ಬಟ್ಟೆ ಮಿಲ್ಲುಗಳಿಗೂ ಗಂಜಿಯಾಗಿ ಹೋಗುತ್ತದೆ.

ಹುಣಸೆಬೀಜ ನಾಳೆಯೇ ಪಾಲಿಅಕ್ರಿಲಮೈಡನ್ನು ಓಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ನಿಧಾನವಾಗಿ ಕೂರುವ ಅಂಟು, ಯಂತ್ರದ ಸೆಕೆಂಡುಗಳ ಆಟಕ್ಕೆ ಒಗ್ಗುವುದು ಸುಲಭವಲ್ಲ. ಸುಣ್ಣದ ಕಣವನ್ನು ಹಿಡಿಯುವ ಶಕ್ತಿಯೂ ಅದಕ್ಕೆ ಹೆಚ್ಚಿಲ್ಲ. ಆದರೆ ಕಾಗದಕ್ಕೆ ಬಲ ಕೊಡಲು ಪಲ್ಪ್ ತೊಟ್ಟಿಯಲ್ಲೇ ಮುಂಚಿತವಾಗಿ ಬೆರೆಸುವುದಕ್ಕೆ, ಮುಖ್ಯವಾಗಿ ಹತ್ತಿಯ ಕೈಕಾಗದಕ್ಕೆ, ಅದನ್ನು ಗಂಭೀರವಾಗಿ ಪರೀಕ್ಷಿಸದಿದ್ದರೆ ತಪ್ಪು. ಯಂತ್ರದ ಕಾಗದಕ್ಕೆ ಆವೇಶದ ಪಾಲಿಮರ್ ಬೇಕೇಬೇಕು. ಪಟಿಕದ ಆಮ್ಲದಿಂದ ಕಾಗದವನ್ನು ಬಿಡಿಸಿದ್ದೂ ಧನಾವೇಶದ ಪಿಷ್ಟ ಹೊದಿಸಿದ ಎಕೆಡಿ ಎಂಬ ಮೇಣದಂಥ ವಸ್ತುವೇ. ಅದು ಪಿಎಚ್ ಏಳೆಂಟರಲ್ಲಿ ಕೆಲಸ ಮಾಡುತ್ತದೆ, ಸುಣ್ಣದ ಪುಡಿಯನ್ನೂ ತಾಳಿಕೊಳ್ಳುತ್ತದೆ.

ಕಾಗದ ತಂತ್ರಜ್ಞಾನ ಕಲಿಸುವ ಕಾಲೇಜುಗಳಿಗೂ ಮಿಲ್ಲುಗಳ ಲ್ಯಾಬುಗಳಿಗೂ ನನ್ನದೊಂದು ಬೇಡಿಕೆ. ಪಾಲಿಮರ್ ಪಾಠದ ಮೊದಲ ಪ್ರಯೋಗವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿಸಿ ಮುಗಿಸಬೇಡಿ. ಅದೇ ಪಲ್ಪನ್ನು, ಅದೇ ಪಾಲಿಮರನ್ನು ಹತ್ತಿರದ ಮಿಲ್ಲಿನ ವೈಟ್ ವಾಟರಿನಲ್ಲೂ ಬೆರೆಸಿ, ಎರಡೂ ಬೀಕರುಗಳನ್ನು ಸೋಸಿ, ಕೆಳಗಿಳಿದ ನೀರನ್ನು ಅಕ್ಕಪಕ್ಕ ಇಟ್ಟು ವಿದ್ಯಾರ್ಥಿಗಳಿಗೆ ತೋರಿಸಿ. ಡೋಸಿನ ಲೆಕ್ಕವನ್ನು ಅದಾದ ಮೇಲೆ ಹೇಳಿಕೊಡಿ.